ಮೈಯೊಳಗಿನ ಗಳಿಗೆ ಬಟ್ಟಲು

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ತುಂಗಭದ್ರೆಯ ದಂಡೆಯ ಮೇಲಿನ ಒಂದು ಹಳ್ಳಿ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಅಲ್ಲಿರುವುದರಿಂದ ಅದರ ಹೆಸರು ನಮ್ಮ ಸೀಮೆಯ ಮನೆಮನೆಗೂ ಗೊತ್ತು. ಅಮಾವಾಸ್ಯೆಯಂದು ಅಲ್ಲಿ ಸೇರುವ ಜನಕ್ಕೆ ಲೆಕ್ಕವಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲದವರು, ‘ಗಾಳಿ ಸೋಕಿದವರು’, ಪೇಟೆಯ ಡಾಕ್ಟರಿಗೆ ತೋರಿಸಿ ಸೋತವರು, ಅವರ ಬೆನ್ನ ಹಿಂದೆ ಮುಖ ಬಾಡಿಸಿಕೊಂಡ ತಾಯಂದಿರು, ಇವರೆಲ್ಲ ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿಯೇ ಗದ್ದುಗೆಯ ಕಡೆಗೆ ನಡೆಯುವ ನೋಟವನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನ ಹರಕೆ ತೀರಿಸುವ ಸಲುವಾಗಿ ನಾನೂ ಅಲ್ಲಿ ಒಂದು ರಾತ್ರಿ ಕಳೆಯಬೇಕಾಯಿತು. ನಡುರಾತ್ರಿ ಕಳೆದಿತ್ತು. ಚಾಪೆಯ ಮೇಲೆ, ಬರಿಯ ನೆಲದ ಮೇಲೆ, ಗಂಟುಮೂಟೆಗಳಿಗೆ ತಲೆಯಾನಿಸಿ ನೂರಾರು ಜನ ಮಲಗಿದ್ದರು. ನನ್ನ ಪಕ್ಕದಲ್ಲಿ ಮುದುಕಿಯೊಬ್ಬಳು ಆಚೆಯ ಹೆಂಗಸನ್ನು ಮೆಲ್ಲಗೆ ಕೇಳಿದಳು: “ಯವ್ವಾ, ನಿನ್ನ ಮಗಂಗೆ ನಿದ್ದಿ ಹತ್ತೈತೇನು?” “ಹತ್ತೈತೆ ಅಜ್ಜಿ. ನಿನ್ನೆ ಕೋಳಿ ಕೂಗೋ ತನಕ ಮಲಗಿದ್ದ.” “ಹಂಗಾದ್ರೆ ಅಜ್ಜಯ್ಯ ಕಣ್ಣು ಬಿಟ್ಟ ಅನ್ನು.” ಮುದುಕಿ ಅಷ್ಟು ಹೇಳಿ ಸೆರಗು ಹೊದ್ದು ಮಲಗಿದಳು. ಹುಡುಗ ಕೂಗಾಡುವುದನ್ನು ಬಿಟ್ಟನೆ, ಉಂಡನೆ, ಮಾತನಾಡಿದನೆ ಎಂದು ಅವಳು ಕೇಳಲಿಲ್ಲ. ನಿದ್ರೆ ಬಂದಿತೆ ಎಂಬುದೊಂದನ್ನೇ ಕೇಳಿದಳು. ಮನೋವೈದ್ಯರು ರೋಗಿಯ ಕಡೆಯವರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದೆಂಬುದು ಆಮೇಲೆ ನನಗೆ ತಿಳಿಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕನ್ನಡ ಮೇಷ್ಟರ ಚಾಳಿಯಂತೆ ಊರ ಹೆಸರನ್ನೇ ಹಿಡಿದು ಎಳೆಯುತ್ತ ಕುಳಿತೆ. ಉಕ್ಕಡವೆಂದರೆ ಹಳೆಯ ಕನ್ನಡದಲ್ಲಿ ಕಾವಲು ಕಟ್ಟೆ, ಸುಂಕದ ಠಾಣೆ. ಊರೆಲ್ಲ ಮಲಗಿದಾಗ ಒಬ್ಬನು ಎಚ್ಚರವಿರಬೇಕಾದ ಜಾಗ. ನಮ್ಮ ಶರಣರ ಗುಂಪಿನಲ್ಲಿ ತಳವಾರ ಕಾಮಿದೇವಯ್ಯನೂ ಇದ್ದ, ಕನ್ನದ ಮಾರಿತಂದೆಯೂ ಇದ್ದ. ಒಬ್ಬ ರಾತ್ರಿ ಕಾಯುವವನು, ಇನ್ನೊಬ್ಬ ರಾತ್ರಿ ಕನ್ನ ಕೊರೆಯುವವನು. ಇಬ್ಬರದೂ ನಿದ್ರೆಗೆಡುವ ಕಾಯಕವೇ. ಆದರೆ ಮಲಗಿದವರ ಒಳಗೂ ಒಂದು ಉಕ್ಕಡವಿದೆಯಲ್ಲ! ಕಣ್ಣು ಮುಚ್ಚಿದವನನ್ನು ಬೆಳಗಿನ ಜಾವಕ್ಕೆ ಸರಿಯಾಗಿ ಎಬ್ಬಿಸುವವರು ಯಾರು? ಇದು ಕವಿಯ ಪ್ರಶ್ನೆಯಲ್ಲ. ಸುಮಾರು ಮುನ್ನೂರು ವರ್ಷಗಳಿಂದ ವಿಜ್ಞಾನಿಗಳು ಕೇಳುತ್ತ ಬಂದಿರುವ ಪ್ರಶ್ನೆ. ಅದರ ಚರಿತ್ರೆಯ ಒಂದು ಒಳ್ಳೆಯ ಅಧ್ಯಾಯ ನಮ್ಮ ಪಕ್ಕದ ಮಧುರೆಯಲ್ಲಿ ಶುರುವಾಗಿ ನಮ್ಮ ಬೆಂಗಳೂರಿನಲ್ಲಿ ಮುಂದುವರಿದಿದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಹೊರಗಿನ ಕಾಲವನ್ನು ಅಳೆಯುವುದರಲ್ಲಿ ನಮ್ಮ ಹಿರಿಯರು ಹಿಂದೆ ಬಿದ್ದವರಲ್ಲ. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ ಇಂದಿನ ೨೪ ನಿಮಿಷ. ಏಳೂವರೆ ಗಳಿಗೆಗೆ ಒಂದು ಜಾವ, ಎಂಟು ಜಾವಕ್ಕೆ ಒಂದು ದಿನ. ನಿದ್ರೆಯನ್ನೂ ಅವರು ಅಲಕ್ಷ್ಯ ಮಾಡಲಿಲ್ಲ. ಚರಕನು ಶರೀರವನ್ನು ಆನಿಸಿ ನಿಲ್ಲಿಸುವ ಮೂರು ಊರುಗೋಲುಗಳನ್ನು ಹೇಳುವಾಗ ಆಹಾರದ ಜೊತೆಗೇ ನಿದ್ರೆಯನ್ನು ಎಣಿಸಿದ್ದಾನೆ. ಆದರೆ ಗಳಿಗೆ ಬಟ್ಟಲು ಮೈಯೊಳಗೂ ಇರಬಹುದೆಂಬ ಸಂಶಯ ಬಂದದ್ದು ಬಹಳ ತಡವಾಗಿ, ಅದೂ ಮನುಷ್ಯನನ್ನು ನೋಡಿಯಲ್ಲ, ಗಿಡವನ್ನು ನೋಡಿ.

ಹುಣಸೆಯ ಎಲೆ ಸಂಜೆಗೆ ಮಡಚಿಕೊಳ್ಳುವುದನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಅಲೆಕ್ಸಾಂಡರನ ನೌಕಾಪಡೆಯಲ್ಲಿದ್ದ ಆಂಡ್ರೊಸ್ತನೀಸನೆಂಬವನು ಈಗಿನ ಬಹರೇನ್ ದ್ವೀಪದಲ್ಲಿ ಇಂಥದೇ ಒಂದು ಮರವನ್ನು ಕಂಡು, ಅದು ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತದೆಂದು ಬರೆದಿಟ್ಟ. ಅದು ಹುಣಸೆಯೇ ಇರಬೇಕೆಂದು ವಿದ್ವಾಂಸರ ಮತ. ಎರಡು ಸಾವಿರ ವರ್ಷ ಆ ಮಾತು ಅಲ್ಲಿಯೇ ಬಿದ್ದಿತ್ತು. ಬೆಳಕಿದ್ದರೆ ಎಲೆ ಬಿಚ್ಚುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ, ಇದರಲ್ಲಿ ಕೇಳುವುದೇನು ಎಂದು ಎಲ್ಲರೂ ಸುಮ್ಮನಿದ್ದರು. ೧೭೨೯ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ಸುಮ್ಮನಿರಲಿಲ್ಲ. ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಬೆಳಕು ಹೋಗದ ಕತ್ತಲೆಯಲ್ಲಿ ಇಟ್ಟ. ಗಿಡ ಸೂರ್ಯನ ಮುಖವನ್ನು ಕಾಣದೆಯೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮುಚ್ಚಿತು. ಆತನು ತಾನಾಗಿ ಇದನ್ನು ಪ್ರಕಟಿಸುವುದಕ್ಕೂ ಮನಸ್ಸು ಮಾಡಲಿಲ್ಲ. ಗೆಳೆಯನೊಬ್ಬ ಪ್ಯಾರಿಸಿನ ಅಕಾಡೆಮಿಗೆ ತಿಳಿಸಿದ. ಆ ಪುಟ್ಟ ಟಿಪ್ಪಣಿಯಲ್ಲಿ ನನ್ನ ಮನಸ್ಸಿಗೆ ನಾಟಿದ ಮಾತೊಂದಿದೆ. ಹಾಸಿಗೆ ಹಿಡಿದ ಎಷ್ಟೋ ರೋಗಿಗಳು ಮಲಗಿದಲ್ಲಿಯೇ ಹಗಲಿರುಳುಗಳ ವ್ಯತ್ಯಾಸವನ್ನು ನೋವಿನಿಂದ ಅರಿಯುತ್ತಾರಲ್ಲ, ಈ ಗಿಡದ ನಡತೆಗೂ ಅದಕ್ಕೂ ಸಂಬಂಧವಿರುವಂತೆ ಕಾಣುತ್ತದೆ ಎಂದು ಅಲ್ಲಿ ಹೇಳಿದೆ. ಗಿಡದಿಂದ ರೋಗಿಗೆ ಒಂದೇ ನೆಗೆತ! ಆ ನೆಗೆತವನ್ನು ವಿಜ್ಞಾನ ಹೆಜ್ಜೆಹೆಜ್ಜೆಯಾಗಿ ನಡೆದು ಮುಟ್ಟುವುದಕ್ಕೆ ಎರಡು ಶತಮಾನಗಳ ಮೇಲೆ ಹಿಡಿಯಿತು.

೧೮೩೨ರಲ್ಲಿ ಡಿ ಕ್ಯಾಂಡೋಲ್ ಎಂಬ ಸಸ್ಯಜ್ಞ ಇನ್ನೊಂದು ಮುಖ್ಯ ಸಂಗತಿಯನ್ನು ಕಂಡ. ಹೊರಗಿನ ಹಗಲಿರುಳುಗಳ ಸಂಬಂಧ ತಪ್ಪಿದ ಗಿಡದ ‘ದಿನ’ ೨೪ ಗಂಟೆಯದಾಗಿರಲಿಲ್ಲ, ೨೨-೨೩ ಗಂಟೆಗಳದಾಗಿತ್ತು. ಇದು ಒಳ್ಳೆಯ ಸಾಕ್ಷ್ಯ. ನಮಗೆ ಕಾಣದ ಯಾವುದೋ ಹೊರಗಿನ ಶಕ್ತಿ ಗಿಡವನ್ನು ಕುಣಿಸುತ್ತಿದ್ದರೆ ಅದರ ತಾಳ ಭೂಮಿಯ ತಾಳವೇ ಆಗಿರಬೇಕಿತ್ತು. ತಾಳ ಬೇರೆಯಾದುದರಿಂದ ತಾಳ ಹಾಕುವವನು ಒಳಗಿದ್ದಾನೆ ಎನ್ನಬೇಕು.

ಆದರೂ ಜನ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೂ ಜರ್ಮನಿಯಲ್ಲಿ ಈ ಜಗಳ ನಡೆದೇ ಇತ್ತು. ಹ್ಯಾಂಬರ್ಗಿನಲ್ಲಿ ರೋಸ್ ಸ್ಟೊಪೆಲ್ ಎಂಬ ವಿದುಷಿ ಹುರುಳಿ ಜಾತಿಯ ಗಿಡಗಳನ್ನು ಕತ್ತಲಕೋಣೆಯಲ್ಲಿ ಬೆಳೆಸಿ ನೋಡುತ್ತಿದ್ದರು. ಅವರ ಗಿಡಗಳೆಲ್ಲ ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಎಲೆಗಳನ್ನು ಪೂರ್ತಿ ಇಳಿಬಿಡುತ್ತಿದ್ದವು. ಕತ್ತಲಲ್ಲಿರುವ ಗಿಡಕ್ಕೆ ಗಂಟೆ ತಿಳಿಸುವವರು ಯಾರು? ಗಾಳಿಯಲ್ಲಿನ ವಿದ್ಯುತ್ತೋ ಇನ್ನೊಂದೋ ಇರಬೇಕೆಂದು ಅವರು ತರ್ಕಿಸಿದರು. ಇದನ್ನು ಪರೀಕ್ಷಿಸಲು ಹೊರಟವರು ಫ್ರಾಂಕ್‌ಫರ್ಟಿನ ಇಬ್ಬರು ತರುಣರು, ಎರ್ವಿನ್ ಬ್ಯುನಿಂಗ್ ಮತ್ತು ಕುರ್ಟ್ ಸ್ಟರ್ನ್. ಒಂದು ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ಗಿಡಗಳನ್ನಿಟ್ಟರು. ಆಶ್ಚರ್ಯವೆಂದರೆ ಇವರ ಗಿಡಗಳೂ ದಿನಾ ಒಂದು ಹೊತ್ತಿಗೆ ಎಲೆ ಇಳಿಬಿಟ್ಟವು, ಆದರೆ ಆ ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ! ಹ್ಯಾಂಬರ್ಗಿನ ಗಾಳಿಗೂ ಫ್ರಾಂಕ್‌ಫರ್ಟಿನ ಗಾಳಿಗೂ ಏಳೆಂಟು ಗಂಟೆ ಅಂತರವಿರಲು ಸಾಧ್ಯವೆ?

ಒಗಟು ಬಿಡಿಸಿದ ಬಗೆ ಪತ್ತೇದಾರಿ ಕಥೆಯಂತಿದೆ. ಗಿಡಕ್ಕೆ ನೀರು ಹಾಕಲು ಹೋಗುವವರು ಒಂದು ಮಂಕು ಕೆಂಪು ದೀಪವನ್ನು ಹಿಡಿದು ಹೋಗುತ್ತಿದ್ದರು. ಕೆಂಪು ಬೆಳಕು ಎಲೆಗಳ ಚಲನೆಯನ್ನು ಮುಟ್ಟುವುದಿಲ್ಲವೆಂಬುದು ಆಗಿನ ಪಂಡಿತರೆಲ್ಲರ ನಂಬಿಕೆ. ಸ್ಟೊಪೆಲ್ ಬೆಳಿಗ್ಗೆ ನೀರು ಹಾಕುತ್ತಿದ್ದರು. ಈ ಇಬ್ಬರು ಹೊತ್ತು ಇಳಿದ ಮೇಲೆ ಹೋಗುತ್ತಿದ್ದರು. ಆ ಕೆಂಪು ಬೆಳಕು ಬಿದ್ದ ಸುಮಾರು ಹದಿನಾರು ಗಂಟೆಗಳ ಅನಂತರ ಎರಡು ಕಡೆಯೂ ಎಲೆಗಳು ಇಳಿಬೀಳುತ್ತಿದ್ದವು. ಗಿಡದ ಗಡಿಯಾರಕ್ಕೆ ದಿನಾ ಕೀಲಿ ತಿರುಗಿಸುತ್ತಿದ್ದದ್ದು ಆಕಾಶದ ವಿದ್ಯುತ್ತಲ್ಲ, ನೀರಿನ ತಂಬಿಗೆ ಹಿಡಿದ ಕೈಯಲ್ಲಿದ್ದ ದೀಪ! ಆ ದೀಪವನ್ನೂ ತೆಗೆದುಬಿಟ್ಟಾಗ ಗಿಡಗಳ ದಿನ ೨೪ ಗಂಟೆಗಿಂತ ಒಂದಿಷ್ಟು ಉದ್ದವಾಗಿ, ದಿನದಿಂದ ದಿನಕ್ಕೆ ಸರಿಯುತ್ತ ಹೋಯಿತು. ಒಳಗಡಿಯಾರ ಉಂಟು, ಅದು ಸ್ವಲ್ಪ ತಪ್ಪು ನಡೆಯುತ್ತದೆ, ಹೊರಗಿನ ಬೆಳಕು ಅದನ್ನು ದಿನಾ ತಿದ್ದುತ್ತದೆ. ಈ ಮೂರು ಮಾತುಗಳಲ್ಲಿ ಇಡೀ ಶಾಸ್ತ್ರದ ಬುನಾದಿಯಿದೆ.

ಬ್ಯುನಿಂಗ್ ಮುಂದೆ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಬಂದು ಈ ವಿದ್ಯೆಯ ಪಿತಾಮಹರೆನಿಸಿದರು. ಅಲ್ಲಿಗೆ ೧೯೬೦ರ ದಶಕದಲ್ಲಿ ನಮ್ಮ ದೇಶದ ಒಬ್ಬ ಯುವಕ ಹೋದರು. ಅವರೇ ಎಂ. ಕೆ. ಚಂದ್ರಶೇಖರನ್. ಮದ್ರಾಸಿನಲ್ಲಿ ಅವರ ಸಂಶೋಧನೆ ನಡೆದದ್ದು ಸಮುದ್ರ ತೀರದ ಮರಳಿನಲ್ಲಿ ಹೂತುಕೊಳ್ಳುವ ಒಂದು ಸಣ್ಣ ಏಡಿಯ ಮೇಲೆ. ಆ ಏಡಿಯನ್ನು ಹಿಡಿದು ತಂದು, ಅಲೆಯ ಸದ್ದಿಲ್ಲದ ಪ್ರಯೋಗಶಾಲೆಯ ಪಾತ್ರೆಯಲ್ಲಿಟ್ಟರೂ, ತೀರದಲ್ಲಿ ಭರತ ಏರುವ ಹೊತ್ತಿಗೆ ಅದು ಇಲ್ಲಿ ಈಜಲು ತೊಡಗುತ್ತಿತ್ತು. ೧೯೬೫ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಭರತದ ತಾಳ, ಹಗಲಿರುಳಿನ ತಾಳ ಎರಡೂ ಒಂದೇ ಪುಟ್ಟ ಜೀವಿಯಲ್ಲಿ ಕೂಡಿರುವುದನ್ನು ಅವರು ತೋರಿಸಿದರು. ಟ್ಯೂಬಿಂಗನ್ನಿನಲ್ಲಿ ಏಡಿ ಹೋಗಿ ಹಣ್ಣಿನ ನೊಣ ಬಂದಿತು. ಅಲ್ಲಿ ಅವರು ಎಂಗೆಲ್ಮನ್‌ರ ಜೊತೆಗೂಡಿ, ನೀಲಿ ಬೆಳಕು ರಾತ್ರಿಯ ಮೊದಲ ಭಾಗದಲ್ಲಿ ಬಿದ್ದಾಗಲೂ ಕೊನೆಯ ಭಾಗದಲ್ಲಿ ಬಿದ್ದಾಗಲೂ ಗಡಿಯಾರವನ್ನು ಒಂದೇ ರೀತಿ ತಿದ್ದುವುದಿಲ್ಲವೆಂಬುದನ್ನು ಅಳೆದರು. ಮಲಗುವ ಮುನ್ನ ಫೋನು ನೋಡಬೇಡ ಎಂದು ಇಂದು ಮಕ್ಕಳಿಗೆ ಹೇಳುತ್ತೇವಲ್ಲ, ಆ ಬುದ್ಧಿವಾದದ ಹಿಂದೆ ಇಂಥ ಎಷ್ಟೋ ನೊಣಗಳ ಲೆಕ್ಕವಿದೆ.

ಸ್ವದೇಶಕ್ಕೆ ಮರಳಿ ಮಧುರೆಯ ವಿಶ್ವವಿದ್ಯಾಲಯವನ್ನು ಸೇರಿದ ಮೇಲೆ ಅವರು ಮಾಡಿದ ಕೆಲಸವೇ ನನಗೆ ಎಲ್ಲಕ್ಕಿಂತ ರುಚಿಸಿದ್ದು. ಮಧುರೆಯ ಹತ್ತಿರ ಸಮಣರ ಗುಡ್ಡವಿದೆ. ಸಮಣರೆಂದರೆ ಶ್ರಮಣರು, ನಮ್ಮ ಪಂಪ ರನ್ನರ ಮತದವರು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬ ನಿಯಮದ ಮುನಿಗಳು ಒಂದು ಕಾಲಕ್ಕೆ ತಂಗಿದ್ದ ಗುಡ್ಡದ ಗವಿಯಲ್ಲಿ, ಸೂರ್ಯ ಮುಳುಗಿದ ಮೇಲೆಯೇ ಉಣ್ಣಲು ಹೊರಡುವ ಬಾವಲಿಗಳು ಈಗ ವಾಸವಾಗಿವೆ. ವಿಧಿಯ ವಿನೋದವೆನ್ನಬೇಕು. ಚಂದ್ರಶೇಖರನ್, ಅವರ ಶಿಷ್ಯ ಮಾರಿಮುತ್ತು ಮತ್ತು ಸಂಗಡಿಗರು ಗವಿಯ ಒಳಗೆ, ಬೆಳಕು ಸುಳಿಯದ, ಸೆಕೆ ತಂಪುಗಳ ಏರಿಳಿತವಿಲ್ಲದ ಮೂಲೆಯಲ್ಲಿ, ಕೆಲವು ಬಾವಲಿಗಳನ್ನು ಗೂಡಿನಲ್ಲಿ ಕೂಡಿಟ್ಟರು. ಅವುಗಳಿಗೆ ಸಂಜೆಯೂ ಕಾಣದು, ಮುಂಜಾನೆಯೂ ಕಾಣದು. ಆದರೂ ಹೊರಗೆ ಕತ್ತಲಾಗುವ ಹೊತ್ತಿಗೆ ಸರಿಯಾಗಿ ಅವು ಗೂಡಿನೊಳಗೇ ಹಾರಾಡಲು ತೊಡಗುತ್ತಿದ್ದವು. ದಿನದಿಂದ ದಿನಕ್ಕೆ ಒಂದಿಷ್ಟೂ ತಪ್ಪಲಿಲ್ಲ. ಬಳಗವೇ ಇಲ್ಲದ ಬೇರೊಂದು ಗವಿಯಲ್ಲಿ ಒಂಟಿಯಾಗಿ ಇಟ್ಟಾಗ ಅವುಗಳ ದಿನ ದಾರಿ ತಪ್ಪಿ ತನ್ನಿಚ್ಛೆಯಂತೆ ಸರಿಯತೊಡಗಿತು. ಎಂದರೆ ಮೊದಲಿನ ಗವಿಯಲ್ಲಿ ಅವುಗಳಿಗೆ ಹೊತ್ತು ತಿಳಿಸುತ್ತಿದ್ದದ್ದು ಸೂರ್ಯನಲ್ಲ, ಸಂಜೆ ಹೊರಟು ಬೆಳಿಗ್ಗೆ ಮರಳುತ್ತಿದ್ದ ಸ್ವತಂತ್ರ ಬಾವಲಿಗಳ ಗದ್ದಲ. ಸೆರೆಯಲ್ಲಿದ್ದವು ಬಳಗದ ಬರುಹೋಗುಗಳಿಂದಲೇ ತಮ್ಮ ಗಡಿಯಾರವನ್ನು ತಿದ್ದಿಕೊಂಡವು. ೧೯೮೧ರಲ್ಲಿ ಇದು ಪ್ರಕಟವಾಯಿತು.

ನಾಲ್ಕು ವರ್ಷಗಳ ಬಳಿಕ ವಿಶ್ವನಾಥನ್ ಮತ್ತು ಚಂದ್ರಶೇಖರನ್ ಹೊಲದ ಇಲಿಯ ಮರಿಗಳ ಮೇಲೆ ನಡೆಸಿದ ಪ್ರಯೋಗ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಹಗಲಿರುಳುಗಳ ಸುಳಿವಿಲ್ಲದ ಕಡೆ ಮರಿಗಳನ್ನಿಟ್ಟು, ತಾಯಿಯನ್ನು ಹನ್ನೆರಡು ಗಂಟೆ ಜೊತೆಗೆ ಬಿಟ್ಟು ಹನ್ನೆರಡು ಗಂಟೆ ತೆಗೆದರು. ತಾಯಿಯ ಬರವು ಹೋಗುವಿಕೆಗಳೇ ಮರಿಗಳ ಗಡಿಯಾರಕ್ಕೆ ಹಗಲಿರುಳಾದವು. ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಲಾಲಿ ಹಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ, ಇಷ್ಟಕ್ಕೆ ಇಲಿಯೇಕೆ ಬೇಕಿತ್ತು ಎಂದು ನಗುತ್ತಿದ್ದರೇನೋ. ಆದರೆ ಅಜ್ಜಿಗೆ ಗೊತ್ತಿದ್ದದ್ದು ನಿಜವೆಂದು ಹೇಳುವುದಕ್ಕೂ ಇಲಿಯ ಸಾಕ್ಷಿ ಬೇಕಾಗುತ್ತದೆ. ಅಜ್ಜಿಗೆ ಗೊತ್ತಿದ್ದ ಎಷ್ಟೋ ಸಂಗತಿಗಳನ್ನು ಇಲಿ ಸುಳ್ಳುಮಾಡಿದ್ದೂ ಉಂಟು.

ಮಧುರೆಯಲ್ಲಿಯೇ ಮನುಷ್ಯರನ್ನೂ ಗಡಿಯಾರ, ಪತ್ರಿಕೆ, ಬಿಸಿಲು ಯಾವುದೂ ಇಲ್ಲದ ಒಂದು ಪ್ರತ್ಯೇಕ ಕೋಣೆಯಲ್ಲಿ ಅವರ ಒಪ್ಪಿಗೆಯಿಂದ ವಾಸಕ್ಕಿಟ್ಟು ನೋಡಿದರು. ಜರ್ಮನಿಯಲ್ಲಿ ಆಶೋಫ್ ಎಂಬವರು ೧೯೬೦ರ ದಶಕದಲ್ಲಿ ಆಂಡೆಕ್ಸ್ ಎಂಬ ಊರಿನ ನೆಲಮಾಳಿಗೆಯಲ್ಲಿ ಇದನ್ನು ಮಾಡಿದ್ದರು. ಮಧುರೆಯ ಕೋಣೆಯಲ್ಲಿದ್ದ ಒಬ್ಬ ಮಹಿಳೆಯ ಮಲಗುವ ಏಳುವ ತಾಳವೇ ಬೇರೆ, ತಿಂಗಳ ಮುಟ್ಟಿನ ತಾಳವೇ ಬೇರೆ, ಒಂದು ಇನ್ನೊಂದನ್ನು ಕಾಯುವುದಿಲ್ಲವೆಂಬುದು ೧೯೯೧ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಮೈಯೊಳಗೆ ಇರುವುದು ಒಂದು ಬಟ್ಟಲಲ್ಲ, ಹಲವು.

ಈ ನಡುವೆ ಹೊರಗಿನ ಜಗತ್ತಿನಲ್ಲಿ ಆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಅದು ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ‘ಹೆಚ್ಚು ಕಡಿಮೆ ಒಂದು ದಿನ’ ಎಂಬ ಅರ್ಥ ಬರುವಂತೆ ಎರಡು ಲ್ಯಾಟಿನ್ ಮಾತುಗಳನ್ನು ಬೆಸೆದು ‘ಸರ್ಕೇಡಿಯನ್’ ಎಂಬ ಹೆಸರನ್ನು ಹ್ಯಾಲ್ಬರ್ಗ್ ೧೯೫೯ರಲ್ಲಿ ಇಟ್ಟರು. ೧೯೭೧ರಲ್ಲಿ ಕೊನೊಪ್ಕಾ ಮತ್ತು ಬೆಂಜರ್ ಹಣ್ಣಿನ ನೊಣಗಳಲ್ಲಿ ೧೯ ಗಂಟೆಯ ದಿನದವು, ೨೮ ಗಂಟೆಯ ದಿನದವು, ದಿನವೇ ಇಲ್ಲದವು ಎಂಬ ಮೂರು ಬಗೆಗಳನ್ನು ಕಂಡು, ಇವೆಲ್ಲಕ್ಕೂ ಒಂದೇ ಜೀನಿನ ಕೆಡುಕು ಕಾರಣವೆಂದರು. ೧೯೭೨ರಲ್ಲಿ ಸಸ್ತನಿಗಳ ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಪುಟ್ಟ ಗಂಟೊಂದು ಪ್ರಧಾನ ಗಡಿಯಾರವೆಂದು ಗೊತ್ತಾಯಿತು. ಆ ಜೀನಿನ ಕೆಲಸದ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ ೨೦೧೭ರ ನೊಬೆಲ್ ಪಾರಿತೋಷಕ ಬಂದಿತು. ಅದರ ಸಾರ ಇಷ್ಟೆ: ಕೋಶದಲ್ಲಿ ಒಂದು ಪ್ರೋಟೀನು ತಯಾರಾಗುತ್ತ ಶೇಖರಗೊಳ್ಳುತ್ತದೆ, ಸಾಕಷ್ಟಾದ ಮೇಲೆ ತನ್ನ ತಯಾರಿಕೆಯನ್ನು ತಾನೇ ತಡೆಯುತ್ತದೆ, ಕರಗಿಹೋದ ಮೇಲೆ ತಯಾರಿಕೆ ಮತ್ತೆ ಶುರು. ತುಂಬಿ ಮುಳುಗುವುದು, ಎತ್ತಿ ಚೆಲ್ಲುವುದು, ಮತ್ತೆ ತೇಲಬಿಡುವುದು. ನಮ್ಮ ಗಳಿಗೆ ಬಟ್ಟಲಲ್ಲದೆ ಮತ್ತೇನು?

ಇನ್ನು ಬೆಂಗಳೂರಿಗೆ ಬರೋಣ. ೧೯೮೯ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ. ಚಂದ್ರಶೇಖರನ್ ಮಧುರೆಯಿಂದ ಅಲ್ಲಿಗೆ ಬಂದು, ಈ ವಿದ್ಯೆಯ ಒಂದು ಮನೆತನವನ್ನೇ ಬೆಳೆಸಿದರು. ಅಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಕತ್ತಲೆಯೆಂಬುದನ್ನೇ ಕಾಣದೆ, ಸದಾ ಉರಿಯುವ ದೀಪದಡಿಯಲ್ಲಿ, ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದ ಹಣ್ಣಿನ ನೊಣಗಳ ಸಂತತಿ ಅಲ್ಲಿತ್ತು. ಆರುನೂರು ತಲೆಮಾರು! ಮನುಷ್ಯರ ಲೆಕ್ಕದಲ್ಲಿ ತಲೆಮಾರಿಗೆ ಇಪ್ಪತ್ತೈದು ವರ್ಷವೆಂದು ಹಿಡಿದರೂ ಹದಿನೈದು ಸಾವಿರ ವರ್ಷ. ಬೇಡವಾದ ಅಂಗ ಕಾಲಕ್ರಮದಲ್ಲಿ ಅಳಿಯುತ್ತದೆ ಎನ್ನುವುದಾದರೆ ಈ ನೊಣಗಳ ಗಡಿಯಾರ ತುಕ್ಕು ಹಿಡಿದಿರಬೇಕಿತ್ತಷ್ಟೆ. ಷೀಬಾ ವಾಸು, ವಿಜಯಕುಮಾರ ಶರ್ಮ, ಚಂದ್ರಶೇಖರನ್, ಅಮಿತಾಭ ಜೋಶಿ ಇವರು ಆ ನೊಣಗಳನ್ನು ಕತ್ತಲೆಗೆ ತಂದು ನೋಡಿದರು. ಕೋಶದಿಂದ ನೊಣಗಳು ಹೊರಬರುವ ಹೊತ್ತು ದಿನದ ತಾಳಕ್ಕೆ ಸರಿಯಾಗಿಯೇ ಇತ್ತು. ೧೯೯೯ರಲ್ಲಿ ಪ್ರಕಟವಾದ ಈ ಫಲಿತವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಹೊರಗಿನ ಬೆಳಗು ಬೈಗುಗಳು ಇಲ್ಲದಿದ್ದರೂ, ಒಳಗೆ ಯಾವ ಕೆಲಸಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ವ್ಯವಸ್ಥೆಗಾಗಿಯೇ ಈ ಗಡಿಯಾರ ಬೇಕಾಗಿರಬಹುದೆಂದು ಅವರು ಊಹಿಸಿದರು.

ಅಂದು ವಿದ್ಯಾರ್ಥಿನಿಯಾಗಿದ್ದ ಷೀಬಾ ವಾಸು ಮುಂದೆ ಅಮೆರಿಕದಲ್ಲಿ ಕೆಲಸ ಮಾಡಿ ಅದೇ ಕೇಂದ್ರಕ್ಕೆ ಪ್ರಾಧ್ಯಾಪಕರಾಗಿ ಮರಳಿದರು. ನೊಣದ ಮಿದುಳು ಗಸಗಸೆಯ ಕಾಳಿನಷ್ಟು. ಅದರಲ್ಲಿ ಗಡಿಯಾರದ ಕೆಲಸಕ್ಕೆ ಮೀಸಲಾದ ನರಕೋಶಗಳು ಕೆಲವೇ ನೂರರ ಒಳಗೆ. ಅವುಗಳಲ್ಲಿಯೂ ಪಕ್ಕಕ್ಕೆ ಕೂತ ಬೆರಳೆಣಿಕೆಯ ದೊಡ್ಡ ಕೋಶಗಳಿವೆ. ಇವನ್ನು ಅತಿಯಾಗಿ ಕೆರಳಿಸಿದರೆ ನೊಣ ರಾತ್ರಿಯಲ್ಲಿಯೂ ಚಡಪಡಿಸುತ್ತದೆ, ನಿದ್ರೆ ಕೆಡುತ್ತದೆ ಎಂದು ೨೦೦೮ರಲ್ಲಿ ಅವರೂ ಸಂಗಡಿಗರೂ ತೋರಿಸಿದರು. ಉಕ್ಕಡದ ಕಾವಲುಗಾರನ ವಿಳಾಸ ಒಂದು ಕೀಟದಲ್ಲಾದರೂ ಸಿಕ್ಕಿತು. ಬೆಳಕು ಬಿದ್ದೊಡನೆ ಎಚ್ಚರಗೊಂಡು ಮಿಕ್ಕವರನ್ನು ಎಬ್ಬಿಸುವ ಕೋಶಗಳು ಇವೇ.

ಇದೆಲ್ಲ ನೊಣದ, ಬಾವಲಿಯ ಸಮಾಚಾರ. ದಾವಣಗೆರೆಯವರಿಗೆ ಇದರಿಂದ ಆಗಬೇಕಾದ್ದೇನು ಎಂದು ಓದುಗರು ಕೇಳಬಹುದು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ ಬೆಳೆದದ್ದು. ಗಿರಣಿಯ ಸೈರನ್ ಕೂಗಿದಾಗಲೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು. ನನ್ನ ಚಿಕ್ಕಪ್ಪ ಒಂದು ಗಿರಣಿಯಲ್ಲಿ ಪಾಳಿಯ ಮೇಲೆ ದುಡಿದವರು. ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ರಾತ್ರಿ ಪಾಳಿಯ ವಾರದಲ್ಲಿ ಹಗಲೆಲ್ಲ ಕಿಟಕಿಗೆ ಗೋಣಿತಾಟು ಕಟ್ಟಿ ಮಲಗುತ್ತಿದ್ದರು. ನಾವು ಮಕ್ಕಳು ಪಿಸುಮಾತಿನಲ್ಲಿ ಆಡಬೇಕು. “ಕಣ್ಣು ಮುಚ್ಚೈತೆ, ನಿದ್ದಿ ಬಂದಿಲ್ಲಪಾ” ಎಂದು ಸಂಜೆ ಎದ್ದು ಹೇಳುತ್ತಿದ್ದ ಅವರ ಕೆಂಗಣ್ಣು ನನಗೆ ಈಗಲೂ ಕಾಣುತ್ತದೆ. ಸೋಮಾರಿ ಹಗಲೆಲ್ಲ ಮಲಗುತ್ತಾನೆ ಎಂದು ಅಜ್ಜ ಗೊಣಗಿದ್ದೂ ಉಂಟು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಅವರ ಮುಂದೆ ಹೇಳಿದವರೂ ಇದ್ದರು. ಗಾದೆ ಇಲ್ಲಿ ಸೋಲುತ್ತದೆ. ಮನುಷ್ಯನ ಒಳಗಡಿಯಾರದ ದಿನ ೨೪ ಗಂಟೆಗಿಂತ ಹತ್ತು ಹದಿನೈದು ನಿಮಿಷವಷ್ಟೇ ಹೆಚ್ಚು. ಅದನ್ನು ಹಿಂದಕ್ಕೂ ಮುಂದಕ್ಕೂ ವಾರಕ್ಕೆ ಎಂಟು ಗಂಟೆ ತಿರುಗಿಸು ಎಂದರೆ ಅದು ತಿರುಗುವುದಿಲ್ಲ. ಮೈ ಹಾಸಿಗೆಯಲ್ಲಿ, ಗಡಿಯಾರ ಗಿರಣಿಯಲ್ಲಿ. ಗಡಿಯಾರವನ್ನು ಕೆಡಿಸುವ ಪಾಳಿಯ ದುಡಿಮೆ ಬಹುಶಃ ಕ್ಯಾನ್ಸರಿಗೂ ಕಾರಣವಾಗುವಂಥದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೭ರಲ್ಲಿ ವರ್ಗೀಕರಿಸಿತು; ೨೦೧೯ರಲ್ಲಿ ಮತ್ತೆ ವಿಚಾರಿಸಿ ಅದೇ ಮಾತು ಹೇಳಿತು. ಆ ಕಾಲದ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಹರಿಹರದ ಕಿರ್ಲೋಸ್ಕರ್ ಕಾರಖಾನೆಯೂ ಮುಚ್ಚಿತು. ಆ ಮನೆಗಳ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿಯಿಡೀ ಫೋನಿನಲ್ಲಿ ಮಾತನಾಡುತ್ತಾರೆ. ಗೋಣಿತಾಟಿನ ಬದಲು ಕಿಟಕಿಗೆ ದಪ್ಪ ಪರದೆ ಬಂದಿದೆ, ಅಷ್ಟೇ ಬದಲಾವಣೆ.

ಮತ್ತೆ ಉಕ್ಕಡಗಾತ್ರಿಗೆ ಬರುತ್ತೇನೆ. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಮನೋರೋಗ ಒಂದಿದೆ. ಅಂಥವರಿಗೆ ನಾಲ್ಕಾರು ರಾತ್ರಿ ನಿದ್ರೆಗೆಟ್ಟರೆ ಸಾಕು, ಉನ್ಮಾದ ಮೇಲೇಳುತ್ತದೆ. ಮದುವೆಯ ಓಡಾಟ, ಸಾವಿನ ಮನೆಯ ಜಾಗರಣೆ, ಪರೀಕ್ಷೆಯ ಓದು, ಯಾವುದಾದರೂ ನೆಪವಾಗಬಹುದು. ಅವರಿಗೆ ಮದ್ದಿನ ಜೊತೆಗೆ ಇತ್ತೀಚಿನ ವೈದ್ಯರು ಒಂದು ವಿಚಿತ್ರ ಪಥ್ಯವನ್ನು ಹೇಳುತ್ತಾರೆ. ಏಳುವ ಹೊತ್ತು, ಉಣ್ಣುವ ಹೊತ್ತು, ಮೊದಲ ಮನುಷ್ಯನ ಮುಖ ನೋಡುವ ಹೊತ್ತು, ಮಲಗುವ ಹೊತ್ತು, ಇವು ದಿನಾ ಒಂದೇ ಆಗಿರಬೇಕು. ಅಮೆರಿಕದ ಎಲೆನ್ ಫ್ರ್ಯಾಂಕ್ ಎಂಬ ಮನಶ್ಶಾಸ್ತ್ರಜ್ಞೆ ಬೆಳೆಸಿದ ಚಿಕಿತ್ಸೆಯಿದು. ಗವಿಯ ಬಾವಲಿಗಳನ್ನು ಬಲ್ಲವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ.

ನಮ್ಮ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯಾಗಿ ಹುಟ್ಟಿ, ೧೯೭೪ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ನಿದ್ರೆಯ ಪ್ರಯೋಗಶಾಲೆಯೇ ಇದೆ; ವಿಪಶ್ಯನ ಧ್ಯಾನ ಮಾಡುವವರಲ್ಲಿ ಗಾಢನಿದ್ರೆ ಹೆಚ್ಚಾಗಿರುವುದನ್ನು ಬಿಂದು ಕುಟ್ಟಿಯವರ ಬಳಗ ೨೦೧೦ರಲ್ಲಿ ವರದಿ ಮಾಡಿತು. ಅದೇ ಸಂಸ್ಥೆಯ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ ವಾಸಕ್ಕೆ ಬಂದ ೩೧ ಮಂದಿ ರೋಗಿಗಳನ್ನು ಪರೀಕ್ಷಿಸಿ, ೨೦೦೨ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಅಲ್ಲಿ ಔಷಧವಿಲ್ಲ, ಮಂತ್ರವಾದವೂ ಇಲ್ಲ. ರೋಗಿಯ ಜೊತೆ ಮನೆಯವರೊಬ್ಬರು ಇರುತ್ತಾರೆ. ಬೆಳಗಿನ ಪೂಜೆಗೆ ಏಳುವುದು, ಗುಡಿಯ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಎಲ್ಲರ ಜೊತೆ ಉಣ್ಣುವುದು, ಮಲಗುವುದು. ಕೆಲವು ವಾರಗಳಲ್ಲಿ ರೋಗದ ಲಕ್ಷಣಗಳು ಶೇಕಡಾ ೨೦ರಷ್ಟು ಇಳಿದಿದ್ದವು. ಆ ವೈದ್ಯರು ಇದನ್ನು ಗಡಿಯಾರದ ದೃಷ್ಟಿಯಿಂದ ನೋಡಲಿಲ್ಲ, ಆಸರೆ ಕೊಡುವ ಪರಿಸರದ ಗುಣವೆಂದರು. ಗಡಿಯಾರದ ಪಾಲೂ ಅದರಲ್ಲಿದ್ದೀತೆಂಬುದು ನನ್ನ ಊಹೆ. ವೈದ್ಯರು ನನ್ನ ಮೇಲೆ ಸಿಟ್ಟಾಗಬಾರದು.

ಹಾಗೆಂದ ಮಾತ್ರಕ್ಕೆ ಗುಡಿಗೆ ಹೋದವರೆಲ್ಲ ಆಸ್ಪತ್ರೆಯನ್ನು ಬಿಡಬಹುದೆಂದು ನಾನು ಹೇಳುತ್ತಿಲ್ಲ. ಅದೇ ತಮಿಳುನಾಡಿನ ಎರವಾಡಿಯಲ್ಲಿ ೨೦೦೧ರ ಆಗಸ್ಟ್ ೬ರ ಬೆಳಗಿನ ಜಾವ ರೋಗಿಗಳನ್ನಿಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದರಿಂದ ಓಡಲಾರದೆ ೨೮ ಜನ ಸುಟ್ಟು ಸತ್ತರು. ಎಚ್ಚರಗೊಂಡರೂ ಏಳಲಾರದವರು! ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದೇವರ ಮೇಲಿನ ಭಾರ ದೇವರ ಮೇಲೆಯೇ ಇರಲಿ. ಮಾತ್ರೆ ಕೊಡುವವನ ಕೆಲಸ ಮಾತ್ರೆ ಕೊಡುವವನಿಗೇ ಇರಲಿ. ಅಜ್ಜಯ್ಯನ ಭಕ್ತರಲ್ಲಿ ಎಷ್ಟೋ ಮಂದಿ ಹೀಗೆ ಎರಡು ಬಾಗಿಲನ್ನೂ ತಟ್ಟುವ ವಿವೇಕಿಗಳು. ಒಂದೇ ಬಾಗಿಲಲ್ಲಿ ನಿಂತು ವರ್ಷಗಳನ್ನು ಕಳೆದುಕೊಂಡವರನ್ನೂ ಕಂಡಿದ್ದೇನೆ.

ಆ ರಾತ್ರಿ ಕೊನೆಯ ಜಾವಕ್ಕೆ ನನಗೂ ಜೊಂಪು ಹತ್ತಿತ್ತು. ಎದ್ದಾಗ ಹೊಳೆಯ ಮೇಲೆ ಮಂಜು ಇತ್ತು. ಮುದುಕಿ ಆಗಲೇ ಮಿಂದು ಬಂದು ಕೂದಲು ಆರಿಸಿಕೊಳ್ಳುತ್ತಿದ್ದಳು. ಆಚೆಯ ಹುಡುಗ ಇನ್ನೂ ಮಲಗಿದ್ದ, ಬಾಯಿ ತುಸು ತೆರೆದಿತ್ತು. ಅವನ ತಾಯಿ ಮುಖದ ಮೇಲೆ ಬಿಸಿಲು ಬೀಳದಂತೆ ಸೆರಗನ್ನು ಮರೆ ಹಿಡಿದು ಕುಳಿತಿದ್ದಳು. ‘ಎಬ್ಬಿಸಲೇನಜ್ಜಿ?’ ಎಂದಳು. ಮುದುಕಿ ಆಕಾಶವನ್ನೊಮ್ಮೆ ನೋಡಿ, “ಹೊತ್ತು ಮ್ಯಾಲೆ ಬಂತು, ಸೆರಗು ತಗಿ. ಬಿಸಲು ಬಿದ್ರೆ ತಾನೇ ಏಳ್ತಾನೆ” ಎಂದಳು.